ಬೆಳಕಿಂಡಿಯ ಥರ್ಮಾಕೋಲು

ಥರ್ಮಾಕೋಲಿಗೆ ಥರ್ಮಾಕೋಲು ತಿಕ್ಕಿದಾಗ ಬರುವ ಸದ್ದನ್ನು ನೀವು ಕೇಳಿರುತ್ತೀರಿ. ಕೆಲವರಿಗೆ ಅದರಿಂದ ಹಲ್ಲು ಜುಮ್ಮೆನ್ನುತ್ತದೆ. ನನ್ನ ಕಣ್ಣು ತಾನಾಗಿ ಮೇಲೆ ಚಾವಣಿಯ ಕಡೆ ಹೋಗುತ್ತದೆ. ಮೊನ್ನೆ ಮುಧೋಳದ ನಮ್ಮ ಮನೆಗೆ ಎ.ಸಿ. ತೊಳೆಯಲು ಬಂದ ಮೆಕ್ಯಾನಿಕ್, ಧೂಳಿನ ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದು, ಒರೆಸಿ, ಮತ್ತೆ ಕೂಡಿಸಿ, ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಬಾಗಿಲ ಮೇಲಿನ ವೆಂಟಿಲೇಟರ್ ನೋಡಿದ.

"ಸರ, ಇದನ್ನ ತೆರದ ಇಟ್ರ ಹೆಂಗ್ರಿ? ತಂಪೆಲ್ಲಾ ಹೊರಗ ಹೊಕ್ಕೈತಿ. ಮಿಷನ್‌ಗೆ ದಮ್ಮ ಸಿಗೂದಿಲ್ಲ. ತಡೀರಿ, ಒಂದು ತುಂಡು ಹಚ್ಚಿ ಕೊಡತೇನಿ."

ಪ್ಯಾಕಿಂಗಿನ ಡಬ್ಬಿಯಿಂದ ಥರ್ಮಾಕೋಲಿನ ಎರಡು ತುಂಡು ತೆಗೆದು ಒಂದಕ್ಕೊಂದು ಉಜ್ಜಿ ಬೇರ್ಪಡಿಸಿದ. ಕಿರ್ರ್ ಎಂದಿತು.

"ಬ್ಯಾಡ" ಎಂದೆ. ನಾನು ಮೆಲ್ಲಗೆ ಹೇಳಿದೆನೆಂದೇ ತಿಳಿದಿದ್ದೆ. ಅವನ ಕೈಯಿಂದ ತುಂಡು ಬಿದ್ದದ್ದನ್ನು ನೋಡಿದರೆ ಹಾಗೆ ಹೇಳಿರಲಿಕ್ಕಿಲ್ಲ.

"ಆತು ಬಿಡ್ರಿ. ಮತ್ತ ರೂಮ್ ತಂಪಾಗವಲ್ದು ಅಂತ ನನಗ ಫೋನ್ ಮಾಡಬ್ಯಾಡ್ರಿ" ಎಂದು ಅವನು ಚೀಲ ಕಟ್ಟಿದ.

ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಸಂದಿ ಮುಚ್ಚಿದಷ್ಟೂ ಯಂತ್ರದ ದುಡಿತ ಕಡಿಮೆ. ಇದನ್ನೆಲ್ಲ ನಾನೇ, ಅವನಿಗಿಂತ ಶುದ್ಧವಾದ ಭಾಷೆಯಲ್ಲಿ, ಹದಿನೈದು ವರ್ಷಗಳ ಹಿಂದೆ ಒಬ್ಬ ಮುದುಕಿಗೆ ಪಾಠ ಮಾಡಿದ್ದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸುಲಭಕ್ಕೆ ನಂಬುವವನಲ್ಲ. ಧಾರವಾಡದಲ್ಲಿ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದ ಹೊಸತರಲ್ಲಿ ಊರಿನ ಯಾವ ನಂಬಿಕೆಯನ್ನೂ ಬೆನ್ನಟ್ಟದೆ ಬಿಟ್ಟವನಲ್ಲ. ಬೆಕ್ಕು ಅಡ್ಡ ಬಂದರೆ, ಅಪಶಕುನವಲ್ಲವೆಂದು ತೋರಿಸಲು ಬೆಕ್ಕಿನ ಹಿಂದೆಯೇ ಎರಡು ಓಣಿ ನಡೆಯುತ್ತಿದ್ದೆ. ಬೆಕ್ಕಿಗೆ ಅದರಿಂದ ತೊಂದರೆಯಾಗಿರಬೇಕು. ಇತ್ತೀಚೆಗೆ ಆ ಅನುಮಾನದ ಚಟ ತಿರುಗಿ ನನ್ನ ನೆನಪುಗಳ ಮೇಲೆಯೇ ಬಿದ್ದಿದೆ. ಈಗ ಹೇಳುವುದರಲ್ಲಿ ಎಲ್ಲಿ ನನಗೆ ಅನುಮಾನವಿದೆಯೋ ಅಲ್ಲಿ ಹೇಳುತ್ತೇನೆ. ಅನುಮಾನ ಇಲ್ಲದ ಕಡೆಯೇ ಹೆಚ್ಚು ಅಂಜಿಕೆ.

ನಮ್ಮ ಮನೆ ಬನಹಟ್ಟಿಯಲ್ಲಿತ್ತು. ಮುಂದೆ ಆರು ಪವರ್‌ಲೂಮ್, ಅದರ ಹಿಂದೆ ಪಡಸಾಲೆ, ಅದರ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಮಗ್ಗದ ಮನೆಯಲ್ಲಿ ಗಾಳಿಯೂ ಅರ್ಧ ನೂಲೇ. ಹತ್ತಿಯ ಎಳೆಯ ಚೂರುಗಳು ಅನ್ನದ ಮೇಲೆ, ರೆಪ್ಪೆಯ ಮೇಲೆ, ದೇವರ ಫೋಟೋದ ಮೇಲೆ ಒಂದೇ ಸಮನಾಗಿ ಕೂಡುತ್ತವೆ. ಹಿಂದಿನ ಕೋಣೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು; ಎರಡು ಗೇಣು ಅಗಲ. ಅದರಿಂದ ಇಳಿಯುವ ಬಿಸಿಲಿನ ಕೋಲಿನಲ್ಲಿ ಆ ಎಳೆಗಳು ಏಳುತ್ತ ಬೀಳುತ್ತ ಇರುತ್ತಿದ್ದವು. ಆ ಕೋಲು ಗೋಡೆಯ ಯಾವ ಗೂಟಕ್ಕೆ ಬಂದಿದೆ ಎಂದು ನೋಡಿ ಆಯಿ ಹೊತ್ತು ಹೇಳುತ್ತಿದ್ದಳು. ಆಯಿ ಎಂದರೆ ನಮ್ಮ ಅಪ್ಪನ ತಾಯಿ.

ಮಗ್ಗದ ಮನೆಯ ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಅಲ್ಲಿ ಹುಟ್ಟಿದ ಕೂಸುಗಳು ಸದ್ದಿಗೆ ಏಳುವುದಿಲ್ಲ. ಆರು ಮಗ್ಗ ಖಟಖಟ ಬಡಿಯುತ್ತಿದ್ದರೆ ಸುಖವಾಗಿ ಮಲಗಿರುತ್ತವೆ. ಕರೆಂಟ್ ಹೋಗಿ ಮಗ್ಗ ನಿಂತವೋ, ಆ ಮೌನಕ್ಕೆ ಬೆಚ್ಚಿ ಎದ್ದು ಅಳುತ್ತವೆ. ನಮ್ಮ ಓಣಿಯಲ್ಲಿ ಕರೆಂಟ್ ಹೋದದ್ದು ಹೀಗೆಯೇ ಗೊತ್ತಾಗುತ್ತಿತ್ತು. ಮೊದಲು ಮೌನ, ಆಮೇಲೆ ಮನೆಮನೆಯಿಂದ ಕೂಸುಗಳ ಅಳು.

ಬಾಗಲಕೋಟೆ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಬೀಳಗಿಗೆ ಕೊಟ್ಟಿದ್ದ ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಳು. ಬಿರುಬೇಸಗೆಯಲ್ಲಿ ಹೆಣ್ಣು ಹುಟ್ಟಿತು. ಹಿಂದಿನ ಕೋಣೆಯೇ ಬಾಣಂತಿ ಕೋಣೆಯಾಯಿತು. ನಮ್ಮ ಕಡೆ ಬಾಣಂತಿಗೆ ಕಾಸುವ ಪದ್ಧತಿ ನಿಮಗೆ ಗೊತ್ತಿರಬಹುದು. ಮುಂಜಾನೆ ಎರೆಯುವವಳು ಬಂದು ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ, ಕುದಿ ಕುದಿ ನೀರು ಎರೆದು, ಹೊರಸಿನ ಮೇಲೆ ಮಲಗಿಸಿ, ಹೊರಸಿನ ಕೆಳಗೆ ಕೆಂಡದ ಶೇಗಡಿ ಇಟ್ಟು, ಕಿವಿಗೆ ಅರಿವೆ ಕಟ್ಟಿ, ಬಾಗಿಲು ಹಾಕಿ ಹೋಗುತ್ತಾಳೆ. ಬೆನ್ನು ಗಟ್ಟಿಯಾಗಬೇಕು, ಗಾಳಿ ತಾಕಬಾರದು. ನಮ್ಮ ಮನೆಗೆ ಎರೆಯಲು ಬರುತ್ತಿದ್ದವಳು ಗಂಗವ್ವ. ನನಗೂ ಅಕ್ಕನಿಗೂ ಎರೆದವಳು ಅವಳೇ.

ಆ ಕೆಂಡದಲ್ಲೂ ಆಯಿಗೆ ಒಂದು ಶಿಸ್ತು ಇತ್ತು. ಜಾಲಿಯ ಇದ್ದಲಿ ಹಿತ್ತಲಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ನಿಗಿನಿಗಿ ಆದ ಮೇಲೆಯೇ ಒಳಗೆ ತರುತ್ತಿದ್ದಳು. ಮೇಲೆ ಚಿಟಿಕೆ ಲೋಬಾನ. ಲೋಬಾನದ ಹೊಗೆ ಬಿಸಿಲಿನ ಕೋಲನ್ನು ಹಿಡಿದುಕೊಂಡು ನೆಟ್ಟಗೆ ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಆಯಿ ಅದು ಹೋಗುವವರೆಗೆ ಕತ್ತೆತ್ತಿ ನೋಡುತ್ತ ನಿಲ್ಲುತ್ತಿದ್ದಳು. ಭಕ್ತಿಯಿಂದ ನೋಡುತ್ತಾಳೆ ಎಂದು ನಾನು ನಗುತ್ತಿದ್ದೆ.

ಕೂಸು ಹುಟ್ಟಿದ ಎರಡನೆಯ ವಾರ ಎ.ಸಿ. ಬಂತು. ಜಮಖಂಡಿಯ ಒಬ್ಬ ಬಟ್ಟೆ ವ್ಯಾಪಾರಿ ತನ್ನ ಅಂಗಡಿಗೆ ಹೊಸದು ಹಾಕಿಸಿ ಹಳೆಯದನ್ನು ಅಪ್ಪನಿಗೆ ಕೊಟ್ಟಿದ್ದ. ಗೋಡೆ ಒಡೆದು ಕೂಡಿಸುವ ಪೆಟ್ಟಿಗೆ; ಅರ್ಧ ಒಳಗೆ, ಅರ್ಧ ಹಿತ್ತಲಿಗೆ. ಓಣಿಯವರು ಕೂಸನ್ನು ನೋಡುವ ನೆಪದಲ್ಲಿ ಪೆಟ್ಟಿಗೆ ನೋಡಿ ಹೋದರು. ಕೂಡಿಸಿದವನು ಅದರ ಮುಖದ ಮೇಲಿದ್ದ ಒಂದು ಸಣ್ಣ ಹಿಡಿಕೆಯನ್ನು ತಳ್ಳಿ, "ಇದನ್ನ ಮುಟ್ಟಬ್ಯಾಡ್ರಿ, ಎಳದ್ರ ಒಳಗಿನ ತಂಪು ಹೊರಗ ಹೊಕ್ಕೈತಿ. ಆ ಬೆಳಕಿಂಡೀನೂ ಮುಚ್ಚಿಬಿಡ್ರಿ" ಎಂದು ಹೇಳಿ ಹೋದ.

ಮುಚ್ಚಿದ್ದು ನಾನು. ಹುರುಪಿನಿಂದ ಮುಚ್ಚಿದೆ. ಮಾಳಿಗೆಯ ಮೇಲೆ ಹೋಗಿ ಕಿಂಡಿಗೆ ತಗಡು ಹೇರಿದೆ. ಕೆಳಗಿನಿಂದ ಏಣಿ ಹಾಕಿ ಥರ್ಮಾಕೋಲು ಕತ್ತರಿಸಿ ಕೂಡಿಸಿ ಸುತ್ತಲೂ ಕಂದು ಟೇಪು ಹಚ್ಚಿದೆ. ಬಾಗಿಲ ಕೆಳಗಿನ ಸಂದಿಗೆ ಅವ್ವನ ಹಳೆಯ ಸೀರೆ ತುರುಕಿದೆ. ಇನ್ನು ನೂಲಿನ ಎಳೆಯೂ ಒಳಗೆ ಬರುವುದಿಲ್ಲ, ಕೂಸು ಶುದ್ಧ ಗಾಳಿ ಕುಡಿಯುತ್ತದೆ ಎಂದು ಹೆಮ್ಮೆಪಟ್ಟೆ.

ಆಯಿ ಕೆಳಗೆ ನಿಂತು ಏಣಿ ಹಿಡಿದಿದ್ದಳು. "ತಮ್ಮಾ, ಈ ಡಬ್ಬಿ ಹೊರಗಿನ ಗಾಳಿ ತರತೈತೇನು?"

"ಅರ್ಧ ಡಬ್ಬಿ ಹೊರಗ ಐತಲ್ಲ ಆಯಿ. ಅಲ್ಲಿ ಗಾಳಿ ಜಗ್ಗತೈತಿ, ಸೋಸತೈತಿ, ತಂಪ ಮಾಡಿ ಇಲ್ಲಿ ಬಿಡತೈತಿ."

"ಒಳಗಿನ ಗಾಳಿ?"

"ಅದನ್ನ ಹೊರಗ ಒಗೀತೈತಿ."

ಇದು ತಪ್ಪು. ಹಿಡಿಕೆ ತಳ್ಳಿದ ಆ ಪೆಟ್ಟಿಗೆ ಗಾಣದ ಎತ್ತಿನಂತೆ ಒಳಗಿನ ಗಾಳಿಯನ್ನೇ ಸುತ್ತಿಸುತ್ತಿತ್ತು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಕೆಂಡ ಸಾಕಷ್ಟು ಗಾಳಿಯಿಲ್ಲದೆ ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಯಾವ ವಿಷ ಹುಟ್ಟುತ್ತದೆ, ಅದು ರಕ್ತದಲ್ಲಿ ಏನು ಮಾಡುತ್ತದೆ ಎಂಬುದನ್ನು ಮಾತ್ರ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದಿದ್ದೆ. ಆ ಎರಡು ಪುಟಕ್ಕೂ ನಮ್ಮ ಹೊರಸಿಗೂ ಸಂಬಂಧವಿದೆ ಎಂದು ಹೊಳೆಯಲಿಲ್ಲ.

ನೀವು ಕೇಳಬಹುದು, ಎ.ಸಿ. ಬಂದ ಮೇಲೆ ಕೆಂಡ ಯಾಕೆ ಎಂದು. ನಾನೂ ಕೇಳಿದ್ದೆ. ದೊಡ್ಡ ಜಗಳವೇ ಆಗಿ, ಕೊನೆಗೆ ರಾಜಿಯಾಯಿತು: ಮೇಲೆ ನನ್ನ ತಂಪು, ಕೆಳಗೆ ಆಯಿಯ ಕಾವು. ನಾನು ಗುಂಡಿ ತಿರುಗಿಸಿ ಇನ್ನಷ್ಟು ತಂಪು ಮಾಡಿದರೆ, ಥಂಡಿ ಹತ್ತೀತೆಂದು ಆಯಿ ಇನ್ನೊಂದು ಮುಷ್ಟಿ ಕೆಂಡ ಸುರಿಯುತ್ತಿದ್ದಳು. ಅಕ್ಕ ಮಲಗಿದಲ್ಲಿಂದಲೇ, "ಕೆಳಗ ಕಮ್ಮಾರನ ಕುಲುಮಿ, ಮ್ಯಾಲೆ ಹಿಮಾಲಯ. ನಡುವ ನಾ ಸುಟ್ಟ ಬದನಿಕಾಯಿ. ಇಬ್ರೂ ಕೂಡಿ ಉಪ್ಪೂ ಹಚ್ಚಿಬಿಡ್ರಿ" ಎನ್ನುತ್ತಿದ್ದಳು. ನಾವೆಲ್ಲ ನಕ್ಕೆವು. 

ಲೋಬಾನವನ್ನು ನಾನು ಬಿಡಿಸಿದ್ದೆ, ಹೊಗೆ ಕೆಟ್ಟದ್ದೆಂದು. ಹಾಗಾಗಿ ಕೋಣೆಯಲ್ಲಿ ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ. ತಣ್ಣಗೆ, ಸ್ವಚ್ಛವಾಗಿ ಇತ್ತು. ಎರಡು ದಿನಕ್ಕೆ ಅಕ್ಕ ತಲೆನೋವು ಎಂದಳು. "ಎರಕೊಂಡ ತಲಿ ಒಣಗಿಲ್ಲ" ಎಂದಳು ಅವ್ವ. ಅಕ್ಕ ಉಣ್ಣಲು ಮನಸ್ಸಿಲ್ಲ ಎಂದಳು. ಬಾಣಂತಿಗೆ ಹಾಗೆಯೇ ಎಂದರು. ಕೂಸು ಮಾತ್ರ ಎಲ್ಲರ ಮೆಚ್ಚುಗೆಗೆ ಪಾತ್ರವಾಯಿತು. ಅಳುವುದಿಲ್ಲ, ಹಟವಿಲ್ಲ, ಮಲಗಿದರೆ ಮಲಗಿತು. ಕೆನ್ನೆಗೆ ಕೆಂಪು ಬಂದಿದೆ ಎಂದು ನೋಡಬಂದವರು ಲಟಿಕೆ ಮುರಿದರು. ಆ ಕೆಂಪು ನಾನು ಆಮೇಲೆ ಓದಿ ನೆನಪಿಗೆ ಸೇರಿಸಿಕೊಂಡದ್ದೋ ಏನೋ ಗೊತ್ತಿಲ್ಲ. ಆದರೆ ಆಯಿಯ ಮಾತು ಸೇರಿಸಿಕೊಂಡದ್ದಲ್ಲ.

"ತಮ್ಮಾ, ಕೂಸು ಅಳವಲ್ದು."

"ಸುಖಾ ಆಗೈತಿ, ಅಳವಲ್ದು. ಅದಕ್ಕೂ ನಿನಗ ಚಿಂತಿನ?"

"ಅಳದ ಕೂಸು ಛಲೋ ಅಲ್ಲೋ."

ನಾನು ನಕ್ಕು ಹೊರಗೆ ಹೋದೆ.

ಇನ್ನು ತೂತುಗಳು. ಒಂದು ದಿನ ಕೋಣೆ ಬೇಗ ತಂಪಾಗುತ್ತಿಲ್ಲ ಎನ್ನಿಸಿ ಮೇಲೆ ನೋಡಿದೆ. ಥರ್ಮಾಕೋಲಿನಲ್ಲಿ ಐದು ತೂತುಗಳಿದ್ದವು. ಮಾಳಿಗೆಯ ಮೇಲಿನ ತಗಡೂ ಸರಿದಿರಬೇಕು. ಐದು ಸಣ್ಣ ಬಿಸಿಲಿನ ಕಡ್ಡಿಗಳು ನೆಟ್ಟಗೆ ಹೊರಸಿನ ಮೇಲೆ ಇಳಿದಿದ್ದವು. ನನಗೆ ಬಂದದ್ದು ಸಿಟ್ಟು. ತಗಡು ಸರಿಪಡಿಸಿದೆ. ಏಣಿ ತಂದು ಐದಕ್ಕೂ ಟೇಪು ಹಚ್ಚಿದೆ. ಇಲಿಯ ಕೆಲಸ ಎಂದು ಅವ್ವನಿಗೆ ಹೇಳಿದೆ. ಆಯಿ ಜೇಡರ ಬಲೆ ತೆಗೆಯುವ ಉದ್ದನೆಯ ಕೋಲನ್ನು ಮೂಲೆಗೆ ಆನಿಸಿ ಸುಮ್ಮನೆ ನನ್ನನ್ನು ನೋಡುತ್ತಿದ್ದಳು. ಇಲಿ ಎಲ್ಲಿಯಾದರೂ ಒಂದೇ ಅಳತೆಯ ಐದು ತೂತು ಮಾಡುತ್ತದೆಯೇ, ಅದೂ ತಲೆಕೆಳಗಾಗಿ ನೇತಾಡುತ್ತ? ಈ ಪ್ರಶ್ನೆ ನಂಬದವನಾದ ನನಗೆ ಆಗ ಹುಟ್ಟಬೇಕಿತ್ತು. ಹುಟ್ಟಲಿಲ್ಲ.

ಟೇಪು ಹಚ್ಚಿದ್ದು, ಇನ್ನು ಹೇಳಲಿರುವ ಆ ದಿನದ ಹಿಂದಿನ ವಾರ ಎಂದು ಬಹಳ ವರ್ಷ ನಂಬಿದ್ದೆ. ಹಿಂದಿನ ದಿನ ಎಂದು ಈಗ ಅನ್ನಿಸುತ್ತದೆ. ಏಕೆಂದರೆ ಕೋಣೆಗೆ ಓಡಿದಾಗ ನನ್ನ ಹೆಬ್ಬೆರಳಿಗೆ ಟೇಪಿನ ಅಂಟು ಇನ್ನೂ ಇತ್ತು.

ಅಂದು ಹತ್ತು ಗಂಟೆ ದಾಟಿತ್ತು. ಗಂಗವ್ವ ಎರೆದು, ಕೆಂಡ ಇಟ್ಟು, ಬಾಗಿಲು ಹಾಕಿ, ಪಡಸಾಲೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಳು. ಆಯಿ ಅವಳೆದುರು ಕೂತು ಅಡಿಕೆ ಕತ್ತರಿಸುತ್ತಿದ್ದಳು. ನಾನು ಪೇಪರ್ ಓದುತ್ತಿದ್ದೆ. ಕರೆಂಟ್ ಹೋಯಿತು. ಆರೂ ಮಗ್ಗ ಒಮ್ಮೆಲೇ ನಿಂತವು. ಹಿಂದೆ ಎ.ಸಿ. ಒಂದು ಸಲ ನಡುಗಿ ನಿಂತಿತು. ಎದುರಿನ ಮನೆಯಿಂದ ಒಂದು ಕೂಸು ಅಳತೊಡಗಿತು. ಆಚೆ ಓಣಿಯಿಂದ ಇನ್ನೊಂದು.

ಗಂಗವ್ವನ ಚಹಾದ ಬಸಿ ತುಟಿಯ ಹತ್ತಿರ ನಿಂತಿತು.

"ಮಗ್ಗ ನಿಂತಾವು" ಎಂದಳು.

ಆಯಿ ಅಡಕೊತ್ತು ಕೆಳಗಿಟ್ಟಳು. ಗಂಗವ್ವ ಹಿಂದಿನ ಕೋಣೆಯ ಕಡೆ ತಿರುಗಿದಳು.

"ನಮ್ಮ ಕೂಸ್ಯಾಕ ಅಳವಲ್ದು?"

ಬಸಿ ಒಡೆದ ಸದ್ದು ಕೇಳಿತು. ಇಬ್ಬರು ಮುದುಕಿಯರು ಹಾಗೆ ಓಡಿದ್ದನ್ನು ನಾನು ಮತ್ತೆ ಎಂದೂ ನೋಡಿಲ್ಲ. ಬಾಗಿಲು ಸೀರೆಗೆ ಸಿಕ್ಕಿ ತೆರೆಯಲೊಲ್ಲದು. ನಾನು ತುರುಕಿದ ಸೀರೆ. ಗಂಗವ್ವ ಹೆಗಲು ಕೊಟ್ಟು ದೂಡಿದಳು. ಒಳಗೆ ತಣ್ಣಗಿತ್ತು, ಶಾಂತವಾಗಿತ್ತು. ಅಕ್ಕ ಹೊರಸಿನ ಅಂಚಿಗೆ ತಲೆ ಇಳಿಬಿಟ್ಟು ವಾಂತಿ ಮಾಡಿಕೊಂಡು ಬಿದ್ದಿದ್ದಳು. ಕಣ್ಣು ತೆರೆದಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಗಂಗವ್ವ ಕೂಸನ್ನು ಎತ್ತಿದಾಗ ಅದರ ಕೈ ಒದ್ದೆ ಅರಿವೆಯ ಹಾಗೆ ಜೋತುಬಿತ್ತು.

ಆಮೇಲಿನದು ಚೂರು ಚೂರು. ಹಿತ್ತಲಿನ ಬಿಸಿಲಲ್ಲಿ ಗಂಗವ್ವ ಕೂಸನ್ನು ಬೋರಲು ಹಿಡಿದು ಬೆನ್ನು ತಿಕ್ಕುತ್ತಿದ್ದದ್ದು. "ಅಳ, ನನ್ನವ್ವಾ, ಅಳ. ಬೈಯ ನನ್ನ, ಒದಿ, ಅಳ ಒಮ್ಮೆ" ಎಂದು ಅಂಗಾಲಿಗೆ ಹೊಡೆಯುತ್ತಿದ್ದದ್ದು. ಅಪ್ಪ ಮತ್ತು ಮಗ್ಗದವರು ಕೌದಿಯ ಸಮೇತ ಅಕ್ಕನನ್ನು ಎಳೆದು ತಂದದ್ದು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಓಣಿಯ ಉಳಿದ ಕೂಸುಗಳೆಲ್ಲ ಅಳುತ್ತಿದ್ದವು, ನಮ್ಮದೊಂದು ಬಿಟ್ಟು. ಕೊನೆಗೆ ಅದು ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿತು.

ಜೀಪಿನಲ್ಲಿ ಜಮಖಂಡಿಗೆ ಒಯ್ದೆವು. ಡಾಕ್ಟರು ಇಬ್ಬರಿಗೂ ಆಕ್ಸಿಜನ್ ಹಚ್ಚಿ, ಹೊರಗೆ ಬಂದು ಕೇಳಿದರು: "ಕೋಣೆಯೊಳಗ ಕೆಂಡ ಇಟ್ಟಿದ್ರೇನು? ಎಲ್ಲಾ ಮುಚ್ಚಿತ್ತೇನು? ಮನ್ಯಾಗ ಕಲ್ತವ್ರು ಯಾರೂ ಇಲ್ಲೇನ್ರಿ?"

ಅಪ್ಪ ಮುಗ್ಧವಾಗಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಇಂವ ಅದಾನಲ್ರಿ. ಎಂ.ಎಸ್ಸಿ. ಕೆಮಿಸ್ಟ್ರಿ ಆಗ್ಯಾನ" ಎಂದರು.

ಇಬ್ಬರೂ ಉಳಿದರು. ನಾಲ್ಕು ದಿನಕ್ಕೆ ಮನೆಗೆ ಬಂದರು. ಅಷ್ಟರಲ್ಲಿ ಮನೆಯಲ್ಲಿ ಒಂದು ಕಥೆ ಸಿದ್ಧವಾಗಿತ್ತು. ಡಾಕ್ಟರ ಮಾತಿನಲ್ಲಿ ಎರಡು ಪ್ರಶ್ನೆಗಳಿದ್ದವು, ಕೆಂಡದ್ದು ಒಂದು, ಮುಚ್ಚಿದ್ದು ಒಂದು. ಮನೆಯವರು ಒಂದನ್ನೇ ಹೊತ್ತು ತಂದರು. ಮುದುಕಿಯ ಹಟ, ಕೆಂಡದ ಹುಚ್ಚು. ಆಯಿಯೇ ಎಲ್ಲರಿಗಿಂತ ಮೊದಲು ಅದನ್ನು ಒಪ್ಪಿಕೊಂಡಳು. "ನನ್ನ ಕೆಂಡ ತಿಂತಿತ್ತು ಕೂಸನ್ನ" ಎಂದು ಶೇಗಡಿಯನ್ನು ಹೊಳೆಗೆ ಹಾಕಿಸಿದಳು. ಇನ್ನು ಮೂರು ವರ್ಷ ಬದುಕಿದ್ದಳು. ಮೊಮ್ಮಗಳ ಮಗಳು ತೊಡೆ ಏರಲು ಬಂದರೆ ಮೊದಲು ಎರಡೂ ಅಂಗೈ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ನಾನು ನೋಡುತ್ತಿದ್ದೆ. ಏನೂ ಹೇಳಲಿಲ್ಲ.

ಹೇಳದೆ ಸುಮ್ಮನಿದ್ದರೂ ಒಂದು ಮಾತಾಗುತ್ತಿತ್ತು. ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕ ಮೇಲೆ ಮೂಢನಂಬಿಕೆಗೆ ಉದಾಹರಣೆಯಾಗಿ ಇದನ್ನು ವರ್ಷಾವರ್ಷ ಹೇಳಿದೆ. ಹೇಳುತ್ತ ಹೇಳುತ್ತ ಅದರಲ್ಲಿ ನಾನು ದೊಡ್ಡವನಾದೆ. ನಾನೇ ಒಳಗೆ ನುಗ್ಗಿ ಬೆಳಕಿಂಡಿ ಒಡೆದೆ ಎಂದೆ. ಥರ್ಮಾಕೋಲಿನ ಬಿಳಿಯ ಕಾಳುಗಳು ಆಲಿಕಲ್ಲಿನ ಹಾಗೆ ಕೌದಿಯ ಮೇಲೆ ಉದುರಿದ್ದು, ಅವುಗಳ ಹಿಂದೆ ಬಿಸಿಲಿನ ಕೋಲು ದಪ್ಪನೆ ಬಿದ್ದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅದು ಸುಳ್ಳಾಗಲು ಸಾಧ್ಯವಿಲ್ಲ.

ಮೆಕ್ಯಾನಿಕ್ ಹೋದ ಮೇಲೆ ಅದನ್ನೇ ಕೂತು ಪರೀಕ್ಷಿಸಿದೆ. ಕಿಂಡಿ ಒಂಬತ್ತು ಅಡಿ ಎತ್ತರ. ಏಣಿ ಅಂದು ಹೊರಗಿತ್ತು. ನನ್ನ ಕೈ ನಿಲುಕುವುದಿಲ್ಲ. ಕೆಳಗೆ ನಿಂತು ಕೋಲಿನಿಂದ ತಿವಿದವನ ಕಣ್ಣಿಗೆ ಮುಖದ ಮೇಲೆ ಬೀಳುವ ಕಸ ಕಾಣುತ್ತದೆಯೇ ಹೊರತು, ಕೌದಿಯೂ ಕಾಳೂ ಬೆಳಕಿನ ಕೋಲೂ ಒಟ್ಟಿಗೆ ಕಾಣುವುದಿಲ್ಲ. ಅವು ಹಾಗೆ ಕಾಣುವುದು ಬಾಗಿಲಲ್ಲಿ ನಿಂತವನಿಗೆ ಮಾತ್ರ. ನಾನು ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಪೇಪರ್ ಇನ್ನೂ ಇದ್ದಿರಬಹುದು. ಕೋಲು ಹಿಡಿದಿದ್ದವಳು ಆಯಿ. ಆರನೆಯ ತೂತು.

ಆ ಕೂಸಿನ ಹೆಸರು ದೀಪಾ. ಹತ್ತನೆಯ ಇಯತ್ತೆ ಮುಗಿಸಿ, ಈ ಸೂಟಿಗೆ ಮುಧೋಳಕ್ಕೆ ನಮ್ಮಲ್ಲಿಗೆ ಬಂದಿದ್ದಾಳೆ. ಎ.ಸಿ. ತೊಳೆಸಿದ್ದು ಅವಳಿಗಾಗಿಯೇ. ನಿನ್ನೆ ಮಧ್ಯಾಹ್ನ ಉಂಡು ಆ ಕೋಣೆಯಲ್ಲಿ ಮಲಗಿದಳು. ನಾನು ಎಂದಿನಂತೆ ಬಾಗಿಲನ್ನು ನಾಲ್ಕು ಬೆರಳು ತೆರೆದು, ಅವಳ ಹೊದಿಕೆ ಏರಿಳಿಯುವುದನ್ನು ನೋಡುತ್ತ ನಿಂತೆ. ಹತ್ತರವರೆಗೆ ಎಣಿಸುವುದು ನನ್ನ ರೂಢಿ. ಏಳಕ್ಕೆ ಬಂದಿದ್ದೆ.

"ಮಾಮಾ" ಎಂದಳು, ಕಣ್ಣು ತೆರೆಯದೆ. "ಉಸರ ಆಡಾಕತ್ತೇನಿ. ಹೋಗ್ರಿ, ನೀವೂ ಒಂದೀಟ ಮಲಗ್ರಿ."

ಹೋಗಬೇಕಿತ್ತು. ಒಳಗೆ ಹೋಗಿ ಕುರ್ಚಿಯ ಮೇಲೆ ಕೂತೆ. "ನಿನಗ ಅವತ್ತಿನ ಸುದ್ದಿ ಯಾರ ಹೇಳಿದ್ರು?"

"ಅವ್ವ. ಮುತ್ತ್ಯಾಯಿ ಕೆಂಡ ಇಟ್ಟಿದ್ಲಂತ, ನೀವು ಹೊಕ್ಕು ಕಿಂಡಿ ಒಡದ್ರಂತ. ಅದಕ್ಕ ಅವ್ವ, ನೀವು ಏನ ಅಂದ್ರೂ ಎದರ ಮಾತಾಡಬ್ಯಾಡ ಅಂತಾಳ."

ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡೆ. "ಕೆಂಡ ಮೊದಲಿಂದನೂ ಇಡತಿದ್ರು, ದೀಪಾ. ನಿನ್ನ ಅವ್ವಗೂ ಇಟ್ಟಿದ್ರು, ನನಗೂ ಇಟ್ಟಿದ್ರು. ಅವಾಗ ಕಿಂಡಿ ತೆರದಿರತಿತ್ತು. ಕಿಂಡಿ ಮುಚ್ಚಿದಾಂವ ನಾ. ಮುತ್ತ್ಯಾಯಿ ಅದಕ್ಕ ಐದು ತೂತ ಹಾಕಿದ್ಲು. ಅವನ್ನೂ ಮುಚ್ಚಿದೆ. ಒಡದಾಕಿನೂ ಆಕಿನ."

ಅವಳು ಎದ್ದು ಕೂತಳು. ಬಾಗಿಲ ಮೇಲಿನ ವೆಂಟಿಲೇಟರ್ ನೋಡಿದಳು.

"ಆಕಿಗೆ ಹೆಂಗ ತಿಳೀತು, ತೂತ ಹಾಕಬೇಕಂತ?"

"ಗೊತ್ತಿಲ್ಲ."

"ಕೇಳಲಿಲ್ಲೇನು?"

"ಇಲ್ಲ. ಕೇಳಲಿಲ್ಲ."

ಅವಳು ಏನೋ ಹೇಳಲು ಬಾಯಿ ತೆರೆದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದೂ ಅಂದುಕೊಂಡೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಎ.ಸಿ. ನಿಂತಿತು. ಬನಹಟ್ಟಿಯ ಆ ಮೌನವೇ ಕೋಣೆಯೊಳಗೆ ಬಂದು ನಿಂತ ಹಾಗಾಯಿತು.  ಒಂದು, ಎರಡು ಎಂದು ಎಣಿಸತೊಡಗಿದೆ.

"ಅಯ್ಯ, ಹೋತಾ ಕರೆಂಟು" ಎಂದು ದೀಪಾ ಹೊದಿಕೆ ಒದ್ದು, ಮುಖ ಕಿವುಚಿ, ಗೊಣಗುತ್ತ ಬಾಗಿಲು ಪೂರ್ತಿ ತೆರೆದಳು. "ಏನ ಊರರೀ ಮಾಮಾ ಇದು, ಒಂದ ತಾಸ ನೆಟ್ಟಗ ಮಲಗಾಕ ಬಿಡೂದಿಲ್ಲ."

ಗೊಣಗುತ್ತಲೇ ಇದ್ದಳು. ನಾನು ಎಣಿಸುವುದನ್ನು ಬಿಟ್ಟು, ಕುರ್ಚಿಯಲ್ಲಿ ಕೂತು ಅದನ್ನೆಲ್ಲ ಕೇಳಿದೆ.